ಒಂದೆಲೆಯೂ ಹಳದಿಯಿರಲಿಲ್ಲ

ಸೋಯಾ ಕಟಾವಿನ ಕಾಲ. ಇಬ್ಬನಿ ಆರಿತ್ತು. ಎಲೆಯೆಲ್ಲ ಉದುರಿ, ಕಡ್ಡಿಗೆ ಕಚ್ಚಿಕೊಂಡ ಕಂದು ಕಾಯಿಗಳು ಗಾಳಿಗೆ ಗಿಲಿಗಿಲಿ ಅನ್ನುತ್ತಿದ್ದವು. ಕಟಾವು ಮಿಷನ್ ಬೆಳಗಿನಿಂದಲೂ ಸಾಲು ಹಿಡಿದು ಹೋಗುತ್ತಿತ್ತು, ಬರುತ್ತಿತ್ತು. ಅದರ ಹಿಂದೆ ಹೊಟ್ಟಿನ ಧೂಳು, ಧೂಳಿನ ಹಿಂದೆ ಹಕ್ಕಿಗಳು. ನೋಡಲು ಚೆಂದದ ಕೆಲಸ.

ದೂರದಿಂದ ನೋಡಿದರೆ!

ನಾನು ದೂರದಲ್ಲಿರಲಿಲ್ಲ. ಹೊಲದ ನಟ್ಟನಡುವೆ ಇದ್ದೆ.

ನೀವು ಹೊಲ ಕಂಡವರಾದರೆ ಗೊತ್ತಿರುತ್ತದೆ... ಕೆಲಸಕ್ಕೆ ನಿಂತ ಮಿಷನ್ ಸಾಲು ಬಿಡುವುದಿಲ್ಲ. ಬಿಟ್ಟರೆ ಡೀಸೆಲ್ ದಂಡ, ಕಾಳು ದಂಡ. ಇದು ಸಾಲು ಬಿಟ್ಟಿತು. ಮೂತಿ ತಿರುಗಿಸಿತು. ಹೊಲಕ್ಕೆ ಅಡ್ಡಡ್ಡ ಬರತೊಡಗಿತು.

ನನ್ನ ಕಡೆಗೆ!

ಓಡಿದೆ. ಒಣ ಸೋಯಾದಲ್ಲಿ ಓಡುವುದು ಹುಡುಗಾಟವಲ್ಲ. ಕಡ್ಡಿ ಪ್ಯಾಂಟಿನೊಳಗೇ ನುಗ್ಗಿ ಮೊಣಕಾಲು ಗೀರುತ್ತದೆ. ನನ್ನದು ಐವತ್ತು ದಾಟಿದ ಮೊಣಕಾಲು ಬೇರೆ. ಮುಗ್ಗರಿಸಿದೆ. ಬಿದ್ದೆ. ತಿರುಗಿ ನೋಡಿದರೆ ಆಕಾಶವೇ ಕಾಣಲಿಲ್ಲ. ಮೇಲೆ ಗಿರಗಿರ ತಿರುಗುವ ಉರುಳೆ... ಅದರ ಕೆಳಗೆ ಸಾಲಾಗಿ ಹಲ್ಲು... ಕಚಕಚ, ಕಚಕಚ!

ಉರುಳಿದೆ. ಬದು ದಾಟಿ ಬಸಿಗಾಲುವೆಗೆ ಬಿದ್ದೆ. ಎಡಗಾಲಿನ ಚಪ್ಪಲಿ ಮಾತ್ರ ನನ್ನ ಜೊತೆ ಬರಲಿಲ್ಲ. ಕಟ್ ಎಂದಿತು. ಮಿಷನ್ ಬಿಕ್ಕಳಿಕೆ ಬಂದಂತಾಗಿ ನಿಂತಿತು.

"ಸತ್ತೋದ್ಯೇನೋ?" ಮೇಲಿನಿಂದ ಒಂದು ದನಿ.

"ಇಲ್ಲ."

"ಛೆ!"

ಇಳಿದು ಬಂದ. ತಲೆಗೂ ಹೆಗಲಿಗೂ ನಡುವೆ ಕತ್ತು ಇಡುವುದನ್ನು ಮರೆತಂಥ ಆಳು. ಗೂಳಿ ಎನ್ನುತ್ತಾರೆ ಅವನಿಗೆ. ಬೀಜದ ಕಂಪನಿಯ ಹೊಲಗಳ ಉಸ್ತುವಾರಿ.

"ಹೊಲಕ್ಕೆ ಕಾಲಿಟ್ಟೋರನ್ನ ಬಿಡಬೇಡ ಅಂತ ಡೈರೆಕ್ಟರ್ ಹೇಳಿದಾರೆ," ಅಂದ.

"ಹೊಲಕ್ಕೆ ಹೋಗಿ ನೋಡು ಅಂತ ನನಗೂ ಅವರೇ ಹೇಳಿದ್ದು."

ಗೂಳಿ ತಲೆ ಕೆರೆದುಕೊಂಡ. ಫೋನ್ ತೆಗೆದ. ಹೂಂ ಸಾರ್, ಹೂಂ ಸಾರ್, ಇಲ್ಲ ಸಾರ್ ಬದುಕಿದಾರೆ ಸಾರ್, ಅಂದ. ಆಮೇಲೆ ನನಗೆ ಕೈಕೊಟ್ಟು ಮೇಲೆತ್ತಿದ.

"ತಪ್ಪು ತಿಳೀಬೇಡಿ ಅಣ್ಣ. ಕೆಲಸ ಅಂದ್ರೆ ಕೆಲಸ."

"ನನ್ನ ಚಪ್ಪಲಿ?"

ಮಿಷನ್ನಿನ ಹೊಟ್ಟೆಯತ್ತ ನೋಡಿದ. "ಕಾಳಿನ ಜೊತೆ ಸೇರಿರುತ್ತೆ. ಜರಡಿ ಹಿಡಿಯುವಾಗ ಸಿಕ್ರೆ ಕಳಿಸ್ತೀನಿ."

ನನ್ನ ಪರಿಚಯ ಹೇಳಲಿಲ್ಲ, ಅಲ್ಲವೇ? ಈ ಕಡೆ ನನ್ನನ್ನು ಆಲಿಕಲ್ಲು ಎನ್ನುತ್ತಾರೆ. ಬೆಳೆವಿಮೆಯ ತನಿಖೆಯಲ್ಲಿ ತಲೆ ನರೆಸಿಕೊಂಡವನು ನಾನು. ಆಲಿಕಲ್ಲು ಬಿದ್ದು ಹರಿದ ಎಲೆ ಯಾವುದು, ರಾತ್ರೋರಾತ್ರಿ ಕೋಲಿನಿಂದ ಬಡಿದು ಹರಿದ ಎಲೆ ಯಾವುದು, ನೋಡಿದ ತಕ್ಷಣ ಹೇಳಬಲ್ಲೆ. ಹಾಗೆ ಹೇಳಿದ್ದಕ್ಕೆ ಒಮ್ಮೆ ಒಂದು ಊರಿನವರು ಎಲೆಗೆ ಬಡಿದ ಕೋಲಿನಿಂದಲೇ ನನಗೂ ಬಡಿದರು. ತಲೆ ಸೀಳಿತು. ಸುತ್ತಮುತ್ತ ಆಸ್ಪತ್ರೆಯಿಲ್ಲ. ಇದ್ದದ್ದು ದನದ ಡಾಕ್ಟರಮ್ಮ ಒಬ್ಬರೇ. ಎಮ್ಮೆಗೆ ಹಾಕುವ ದಪ್ಪ ನೀಲಿ ದಾರದಲ್ಲಿ ನನ್ನ ತಲೆ ಹೊಲಿದರು. ಏನು ಕೊಡಲಿ ಎಂದರೆ, "ಸಾಲ ಇರ್ಲಿ. ಒಂದಿನ ಕೇಳ್ತೀನಿ," ಅಂದರು.

ಆ ಸಾಲ ಹಾಗೇ ಇತ್ತು. ನೆನಪಿಟ್ಟುಕೊಳ್ಳಿ.

ವಿಮೆ ಕೆಲಸ ಬಿಟ್ಟ ಮೇಲೆ ನಾನು ಕಳೆದದ್ದನ್ನು ಹುಡುಕಿಕೊಡುತ್ತೇನೆ. ಜಗಳವನ್ನು ಕೋರ್ಟಿಗೆ ಹೋಗದ ಹಾಗೆ ಮುಗಿಸುತ್ತೇನೆ. ಯಾರ ಪರ ಎಂದು ಕೇಳಬೇಡಿ. ಕರೆದವರ ಪರ.

ಅವತ್ತು ಬೆಳಿಗ್ಗೆ ಕರೆದದ್ದು ಬೀಜದ ಕಂಪನಿಯ ಡೈರೆಕ್ಟರು.

ಅವರ ರೂಮಿನಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಮೇಜಿನ ಮೇಲಿನ ಗಿಡವೂ ಪ್ಲಾಸ್ಟಿಕ್ಕಿನದಾಗಿ ಬದುಕಿತ್ತು. ಅವರ ಕುರ್ಚಿಯ ಹಿಂದೆ, ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ ಒಂದು ದೊಡ್ಡ ಫೋಟೋ. ಹಚ್ಚಹಸಿರು ಸೋಯಾ ಹೊಲ. ನಡುವೆ ಟೋಪಿ ಹಾಕಿಕೊಂಡ ಸಮಿತಿಯವರು. ಡೈರೆಕ್ಟರು ನಗುತ್ತಿದ್ದರು, ಫೋಟೋದಲ್ಲಿ.

ಎದುರಿಗೆ ನಗುತ್ತಿರಲಿಲ್ಲ.

"ನಮ್ಮ ಕುಲಾಂತರಿ ಸೋಯಾ ಗೊತ್ತಲ್ಲ? ಕಳೆನಾಶಕ ಹೊಡೆದ್ರೆ ಕಳೆ ಸಾಯುತ್ತೆ. ಬೆಳೆ ಸಾಯಲ್ಲ."

"ಕೇಳಿದೀನಿ."

"ಇವತ್ತು ಮಧ್ಯಾಹ್ನ ಒಪ್ಪಿಗೆ ಸಮಿತಿ ಸಭೆ. ವರದಿ ರೆಡಿ. ಕೋಳಿಗೆ ತಿನ್ನಿಸಿ ಪರೀಕ್ಷೆ ಮಾಡಿದೀವಿ. ಕೋಳಿಗಳು ಗುಂಡುಕಲ್ಲಿನ ಹಾಗಿದಾವೆ! ಆದ್ರೆ..." ಡೈರೆಕ್ಟರು ಟೈ ಸಡಿಲಿಸಿದರು. "ಕೋಳಿಗೆ ತಿನ್ನಿಸಿ ಉಳಿದ ಕಾಳಿನ ಒಂದು ಮೂಟೆ ಮೊಹರು ಹಾಕಿ ಗೋದಾಮಲ್ಲಿ ಇಟ್ಟಿದ್ವಿ. ಅದು ಕಳುವಾಗಿದೆ. ಇವತ್ತೇ ಗೊತ್ತಾಗಿದ್ದು."

"ಒಂದು ಮೂಟೆ ಸೋಯಾಕ್ಕೆ ಇಷ್ಟು ಗಾಬರೀನಾ?"

"ಯಾರ ಕೈಗೆ ಸಿಕ್ಕಿದೆಯೋ! ಅದಕ್ಕೆ ಏನು ಬೆರೆಸ್ತಾರೋ! ಸಭೆ ಶುರುವಾಗೋದ್ರೊಳಗೆ ಮೂಟೆ ಬರ್ಬೇಕು. ಕದ್ದೋರ ಮೇಲೆ ಕೇಸು ಹಾಕ್ತೀನಿ. ಕೆಲಸ, ಲೈಸೆನ್ಸು, ಎಲ್ಲಾ ಹೋಗ್ಬೇಕು. ಗೋದಾಮು ಹೊಲದ ಪಕ್ಕದಲ್ಲೇ ಇದೆ. ಹೋಗಿ ನೋಡಿ."

ಏಳುವಾಗ ಫೋಟೋದ ಕಡೆ ಕಣ್ಣು ಹೋಯಿತು. ಡೈರೆಕ್ಟರು ಗಮನಿಸಿದರು.

"ಕೋಳಿಗೆ ತಿನ್ನಿಸಿದ ಬೆಳೆ ಅದೇ," ಅಂದರು ಹೆಮ್ಮೆಯಿಂದ. "ನೋಡಿ... ಒಂದೆಲೆ ಹಳದಿಯಿಲ್ಲ!"

ನಿಜ. ಒಂದೆಲೆಯೂ ಹಳದಿಯಿರಲಿಲ್ಲ. ಆಗ ಅದನ್ನು ಬೆಳೆಯ ಹೊಗಳಿಕೆ ಎಂದುಕೊಂಡೆ.

ಇರಲಿ. ಒಂದೇ ಚಪ್ಪಲಿಯಲ್ಲಿ ಗೋದಾಮಿಗೆ ಹೋದೆ. ಕಿಟಕಿಯ ಮೊಳೆಯಲ್ಲಿ ಗೋಣಿಯ ನಾರು ಸಿಕ್ಕಿಕೊಂಡಿತ್ತು. ಕೆಳಗೆ ಕಾಳು ಚೆಲ್ಲಿತ್ತು. ಎಳೆದುಕೊಂಡು ಹೋಗುವಾಗ ಮೂಟೆ ಹರಿದಿದೆ. ಆದರೆ ಕಾಳು ಚೆಲ್ಲಿದ್ದು ಅಲ್ಲಿ ಮಾತ್ರ. ಹೊರಗೆ ದಾರಿಯುದ್ದಕ್ಕೂ ಒಂದು ಕಾಳಿಲ್ಲ. ಅಂದರೆ ಕಳ್ಳ ಅಲ್ಲೇ ನಿಂತು ಹರಿದ ಜಾಗ ಹೊಲಿದಿದ್ದಾನೆ!

ಕದಿಯಲು ಬಂದವನು ಹೊಲಿಯುತ್ತಾ ಕೂರುತ್ತಾನೆಯೇ?

ಬಗ್ಗಿದೆ. ಕಾಳಿನ ನಡುವೆ ಒಂದು ತುಂಡು ದಾರ. ಸರಿಬಾರದೆ ಕತ್ತರಿಸಿ ಎಸೆದ ಗಂಟು. ದಪ್ಪ ದಾರ. ನೀಲಿ.

ಕೈ ತಾನಾಗಿಯೇ ತಲೆಯ ಹಳೆಯ ಗಾಯದ ಮೇಲೆ ಹೋಯಿತು.

ಅಯ್ಯೋ ಡಾಕ್ಟ್ರೇ...

ದನದ ಆಸ್ಪತ್ರೆಯ ಹಿಂದಿನ ಕೊಟ್ಟಿಗೆಯಲ್ಲಿ ಡಾಕ್ಟರು ಇದ್ದರು. ಭುಜದವರೆಗೆ ಕೈಗವಸು. ಆ ಕೈ ಪೂರಾ ಒಂದು ಹಸುವಿನ ಒಳಗೆ.

"ಬಾಲ ಹಿಡ್ಕೊಳಿ," ಅಂದರು, ತಿರುಗಿಯೂ ನೋಡದೆ.

"ನಾನು..."

"ಯಾರಾದ್ರೂ ಆಗಿರಿ. ಬಾಲ ಹಿಡ್ಕೊಳಿ."

ಹಿಡಿದೆ.

"ಮೂಟೆ ಎಲ್ಲಿ ಡಾಕ್ಟ್ರೇ?"

ಹಸುವಿನೊಳಗಿನ ಕೈ ನಿಂತಿತು. ಹಸು ಕತ್ತು ತಿರುಗಿಸಿ ನನ್ನನ್ನೇ ನೋಡಿತು.

"ಯಾವ ಮೂಟೆ?"

ಜೇಬಿನಿಂದ ನೀಲಿ ದಾರ ತೆಗೆದೆ. ಡಾಕ್ಟರು ನೋಡಿದರು. ನಿಟ್ಟುಸಿರು ಬಿಟ್ಟರು.

"ಕಾಳು ಸುರೀತಿತ್ತು ಆಲಿಕಲ್ಲು. ಹರಿದಿದ್ದನ್ನ ಕಣ್ಣಾರೆ ನೋಡ್ಕೊಂಡು ಹಾಗೇ ಬಿಟ್ಟು ಹೋಗೋದು ನನ್ನ ಕೈಯಲ್ಲಿ ಆಗಲ್ಲ."

"ಕಳ್ಳತನಕ್ಕೆ ಹೋಗುವಾಗ ಸೂಜಿ-ದಾರ ತಗೊಂಡು ಹೋದೋರು ನೀವೊಬ್ಬರೇ ಇರ್ಬೇಕು!"

"ಅದು ಯಾವಾಗ್ಲೂ ಜೇಬಲ್ಲೇ ಇರುತ್ತೆ."

ಕೈಗವಸು ತೆಗೆಯದೆಯೇ ಕೈ ತೊಳೆಯುತ್ತಾ ಹೇಳಿದರು. ಕೋಳಿ ಪರೀಕ್ಷೆ ಮಾಡಿದ್ದು ಅವರೇ. ಕೋಳಿಗಳು ಕಾಳು ತಿಂದವು. ಚೆನ್ನಾಗಿದ್ದವು. ಮೊಟ್ಟೆ ಇಟ್ಟವು. 'ಹಾನಿಯಿಲ್ಲ' ಎಂದು ಡಾಕ್ಟರು ಸಹಿ ಹಾಕಿದರು.

"ಆಮೇಲೆ ಕಂಪನಿ ರೈತರಿಗೆ ಅಂತ ಅಚ್ಚು ಹಾಕಿಸಿದ ಕರಪತ್ರ ನೋಡಿದೆ," ಅಂದರು. "ಬೆಳೆ ಎಳೇದಿದ್ದಾಗ ಒಂದ್ಸಲ ಕಳೆನಾಶಕ ಹೊಡೀರಿ, ಹೂವಿಗೆ ಮುಂಚೆ ಇನ್ನೊಂದ್ಸಲ ಹೊಡೀರಿ ಅಂತಿದೆ. ಹಾಗಾದ್ರೆ ಕಾಳಲ್ಲಿ ಅದು ಎಷ್ಟು ಉಳಿಯುತ್ತೆ? ವರದೀಲಿ ಅದರ ಸುದ್ದೀನೇ ಇಲ್ಲ. ಕೇಳಿದ್ರೆ, ಬೀಜ ನೋಡೋಕೆ ಬೇರೆ ಸಮಿತಿ, ಔಷಧಿ ನೋಡೋಕೆ ಬೇರೆ ಸಮಿತಿ ಅಂತಾರೆ. ಎರಡೂ ಒಂದೇ ಹೊಟ್ಟೆಗೆ ಹೋಗುತ್ತಲ್ಲ ಸ್ವಾಮಿ, ಆ ಹೊಟ್ಟೆಗೆ ಯಾವ ಸಮಿತಿ?"

"ಕಾಳಿನ ಮಾದರಿ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೇಳಿದೆ. ಕಂಪನಿ ಆಸ್ತಿ ಅಂದ್ರು. ಸಹಿ ಮಾತ್ರ ನನ್ನ ಆಸ್ತಿ. ನಾಳೆ ಯಾರಾದ್ರೂ ತಿಂದು ಏನಾದ್ರೂ ಆದ್ರೆ ಆ ಕಾಗದದಲ್ಲಿ ಇರೋದು ನನ್ನ ಹೆಸರು."

ಕಾಳನ್ನು ಪರೀಕ್ಷೆಗೆ ಲ್ಯಾಬಿಗೆ ಕಳಿಸಿದ್ದರು. ಫಲಿತಾಂಶ ಇವತ್ತೇ ಬರಬೇಕು. ಎಷ್ಟು ಕಳೆನಾಶಕ ಸಿಗುತ್ತದೋ ಅಷ್ಟನ್ನೂ ಸಮಿತಿಯ ಮುಂದೆ ಇಟ್ಟು ತಮ್ಮ ಸಹಿ ವಾಪಸ್ ಪಡೆಯುವುದು ಅವರ ಲೆಕ್ಕಾಚಾರ.

ಹೇಳುತ್ತಿರುವಾಗಲೇ ಫೋನ್ ಬಂತು. ಅವರ ಕೈಯೆಲ್ಲ ಸೋಪು. ನಾನೇ ಎತ್ತಿ ಅವರ ಕಿವಿಗೆ ಹಿಡಿದೆ. ಆ ಕಡೆಯ ದನಿ ನನಗೂ ಕೇಳಿಸಿತು.

"ಸೊನ್ನೆ ಡಾಕ್ಟ್ರೇ! ಮತ್ತೆ ಮತ್ತೆ ನೋಡಿದ್ವಿ. ಕಳೆನಾಶಕದ ಸುಳಿವೇ ಇಲ್ಲ. ರಿಪೋರ್ಟ್ ಮೆಸೇಜ್ ಮಾಡಿದೀನಿ."

ಡಾಕ್ಟರು ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತುಬಿಟ್ಟರು.

"ಸೊನ್ನೆ..." ಅಂದರು. "ಅಷ್ಟು ಹೊಡೆದ್ರೂ ಕಾಳಲ್ಲಿ ಏನೂ ಉಳಿಯಲ್ಲ ಅಂತಾಯ್ತು. ಕಂಪನಿ ಹೇಳಿದ್ದೇ ಸರಿ. ನಾನು ಬರೀ ಕಳ್ಳಿ."

ಹಸುವಿನ ಬಾಲ ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಟ್ಟೆ.

"ಮೂಟೆ ಕೊಡಿ ಡಾಕ್ಟ್ರೇ. ಸಿಕ್ತು ಅಂತ ಒಪ್ಪಿಸ್ತೀನಿ. ಎಲ್ಲಿ ಅಂತ ಹೇಳಲ್ಲ."

"ಬೇಡ." ಎದ್ದು ನಿಂತರು. "ಆಲಿಕಲ್ಲು, ನನ್ನ ಸಾಲ ಇದೆಯಲ್ಲ... ಇವತ್ತು ಕೇಳ್ತೀನಿ. ನನ್ನನ್ನ, ಮೂಟೇನ, ಇಬ್ಬರನ್ನೂ ಸಭೆಗೆ ಮುಟ್ಟಿಸಿ. ಕದ್ದೋಳು ನಾನೇ ಅಂತ ನನ್ನ ಬಾಯಿಂದಲೇ ಹೇಳ್ತೀನಿ. ಕಳ್ಳಿ ಅನ್ನಿಸ್ಕೊಳ್ತೀನಿ. ಹೇಡಿ ಅನ್ನಿಸ್ಕೊಳಲ್ಲ."

ಲೈಸೆನ್ಸು ಹೋಗುತ್ತದೆ ಎಂದೆ. ಗೊತ್ತು ಎಂದರು. ಜೈಲೂ ಆಗಬಹುದು ಎಂದೆ. ಅಲ್ಲೂ ಕೋಳಿ ಇರುತ್ತವೆ ಎಂದರು.

ಆಗ ಹೊರಗೆ ಬ್ರೇಕಿನ ಸದ್ದಾಯಿತು. ಪಿಕಪ್ ಗಾಡಿ. ಡ್ರೈವರ್ ಸೀಟಿನಲ್ಲಿ ಕತ್ತಿಲ್ಲದ ಆಳು!

ಡೈರೆಕ್ಟರು ನನ್ನ ಹಿಂದೆ ಗೂಳಿಯನ್ನೂ ಬಿಟ್ಟಿದ್ದರು. ಒಂದೇ ಕೆಲಸಕ್ಕೆ ಇಬ್ಬರು. ದೊಡ್ಡ ಕಂಪನಿ, ಎಲ್ಲದಕ್ಕೂ ಸ್ಪೇರ್ ಇಟ್ಟುಕೊಳ್ಳುತ್ತಾರೆ.

"ಅಣ್ಣಾ! ಆಯಮ್ಮನ್ನ ಅಲ್ಲೇ ಹಿಡ್ಕೊಳಿ! ಪೊಲೀಸ್ ಸ್ಟೇಷನ್ನಿಗೆ ನಾನು ಕರ್ಕೊಂಡು ಹೋಗ್ತೀನಿ!"

"ಹಿಂದಿನ ಬಾಗಿಲಿದೆಯಾ ಡಾಕ್ಟ್ರೇ?"

"ಇದೆ. ಹೋರಿ ಕಟ್ಟಿದೆ."

"ಹೋರಿ ವಾಸಿ!"

ಮೂಟೆ ಹುಲ್ಲಿನ ಅಡಿಯಲ್ಲಿತ್ತು. ಕೊಟ್ಟಿಗೆಯಲ್ಲೇ ನಿಲ್ಲಿಸಿದ್ದ ನನ್ನ ಸ್ಕೂಟರಿನ ಕಾಲಿಡುವ ಜಾಗಕ್ಕೆ ಹೇರಿದೆ. ಡಾಕ್ಟರು ಹಿಂದೆ ಹತ್ತಿದರು, ಇನ್ನೂ ಒಂದು ಕೈಗವಸು ಹಾಕಿಕೊಂಡೇ. ಹೋರಿ ಒಮ್ಮೆ ಬುಸುಗುಟ್ಟಿತು. ಅದನ್ನೂ ಅವರೇ ಎಂದೋ ಹೊಲಿದಿರಬೇಕು, ದಾರಿ ಬಿಟ್ಟಿತು.

ಟಾರ್ ರಸ್ತೆಗೆ ಬಿದ್ದೆವು. ಹಿಂದೆ ಪಿಕಪ್!

ಸ್ಕೂಟರು ನನ್ನಷ್ಟೇ ಹಳೆಯದು. ಮೂಟೆಯ ಭಾರಕ್ಕೆ ಹ್ಯಾಂಡಲ್ ನಡುಗುತ್ತಿತ್ತು. ಬರಿಗಾಲು ಮೂಟೆಯ ಮೇಲೆ, ಚಪ್ಪಲಿಯ ಕಾಲು ಗಾಳಿಯಲ್ಲಿ.

"ಬಂದ!" ಡಾಕ್ಟರು ಕಿವಿಯಲ್ಲಿ ಕಿರುಚಿದರು.

"ಎಷ್ಟು ಹತ್ರ?"

"ಅವನ ಮೀಸೆ ಕಾಣ್ತಿದೆ!"

ಹಾರ್ನ್... ಮತ್ತೆ ಹಾರ್ನ್... ಬಂಪರ್ ಹಿಂದಿನ ಚಕ್ರಕ್ಕೆ ತಾಗಿತು. ಸ್ಕೂಟರು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಮುಂದೆ ಹಾಲಿನ ಲಾರಿ. ಪಕ್ಕದಲ್ಲಿ ಮಣ್ಣಿನ ದಾರಿ, ಅದರ ಕೊನೆಯಲ್ಲಿ ಈರುಳ್ಳಿ ಹೊಲ. ಹೊಲದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತ ಹೆಂಗಸರು. ಕಳೆ ತೆಗೆಯುವ ಗುಂಪು.

ಆ ಗುಂಪಿನ ಯಜಮಾನಿ ಯಾರೆಂದು ಬೆನ್ನು ನೋಡಿಯೇ ಗೊತ್ತಾಯಿತು.

ತಿರುಗಿಸಿದೆ. ಮಣ್ಣು, ಧೂಳು, ಗುಂಡಿ... ಬದು! ಸ್ಕೂಟರು ಹಾರಿತು. ಬಿತ್ತು. ಈರುಳ್ಳಿಯ ಒಂದು ಪಾತಿಯನ್ನು ಉದ್ದಕ್ಕೂ ಉತ್ತುಕೊಂಡು ಹೋಗಿ ನಿಂತಿತು. ಮೂಟೆ ಒಂದು ಕಡೆ, ಡಾಕ್ಟರು ಒಂದು ಕಡೆ. ನಾನು ಮಾತ್ರ ಸರಿಯಾಗಿ ಅಕ್ಕನ ಕಾಲ ಬುಡದಲ್ಲಿ.

ಹೌದು, ನನ್ನ ಸ್ವಂತ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಕಳೆ ಕುಡುಗೋಲು ಹಿಡಿದು ನಿಂತಿದ್ದಳು.

"ಹಬ್ಬಕ್ಕೆ ಕರೆದ್ರೆ ಬರಲ್ಲ," ಅಂದಳು. "ಹೊಲ ಹಾಳುಮಾಡೋಕೆ ಮಾತ್ರ ಗಾಡಿ ಮಾಡ್ಕೊಂಡು ಬರ್ತೀಯ!"

"ಅಕ್ಕಾ, ಆಮೇಲೆ ಬೈಯೋವಂತೆ..."

"ಇನ್ನೊಂದು ಚಪ್ಪಲಿ ಎಲ್ಲೋ?"

ಪಿಕಪ್ ಬದುವಿನ ಮೇಲೆ ನಿಂತಿತು. ಗೂಳಿ ಸ್ಪ್ಯಾನರ್ ಹಿಡಿದು ಇಳಿದ. ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತರು. ಅವರ ಕೈಯಲ್ಲೂ ಕುಡುಗೋಲು. ಗೂಳಿ ತನ್ನ ಸ್ಪ್ಯಾನರ್ ನೋಡಿಕೊಂಡ. ಕುಡುಗೋಲುಗಳನ್ನು ನೋಡಿದ. ಸ್ಪ್ಯಾನರ್ ಬೆನ್ನ ಹಿಂದೆ ಹೋಯಿತು.

ಅಕ್ಕ ಕಣ್ಣು ಕಿರಿದು ಮಾಡಿದಳು.

"ಯಾರು, ಗೂಳಿಯೇನೋ? ಏನಪ್ಪಾ, ಮತ್ತೆ ಕರೀತೀನಿ ಅಂತ ಹೋದೋನು ಈ ವರ್ಷ ಪತ್ತೇನೇ ಇಲ್ಲ!"

"ಈ ವರ್ಷ ಕೆಲಸ ಇರ್ಲಿಲ್ಲ ದೊಡ್ಡಮ್ಮ..."

"ಯಾವ ಕೆಲಸ ಅಕ್ಕ?" ಅಂದೆ, ಬಾಯಿಯ ಮಣ್ಣು ಉಗುಳುತ್ತಾ.

"ಅದೇ ಇವರ ಸೋಯಾ ಹೊಲ. ಈ ಬೀಜ ಬಂದ್ರೆ ಕಳೆ ತೆಗೆಯೋರೇ ಬೇಡ ಅಂತ ಊರೆಲ್ಲಾ ಡಂಗುರ ಹೊಡೆದೋನು, ಹೋದ ವರ್ಷ ಆ ಹೊಲದ ಕಳೆ ತೆಗೆಯೋಕೆ ನಮ್ಮನ್ನೇ ಕರೆದ! ಬಿತ್ತಿದಾಗಿಂದ ಕಾಯಿ ಕಟ್ಟೋವರೆಗೂ ನಾವೇ ಕೂತು ತೆಗೆದಿದೀವಿ. ಒಂದು ಹುಲ್ಲುಕಡ್ಡಿ ಬಿಟ್ಟಿಲ್ಲ."

ನನ್ನ ಬೆನ್ನುಹುರಿಯಲ್ಲಿ ಏನೋ ಹರಿದಾಡಿತು. ವಿಮೆಯ ದಿನಗಳಲ್ಲಿ ಸುಳ್ಳೆಲೆ ಕಂಡಾಗ ಆಗುತ್ತಿತ್ತಲ್ಲ, ಹಾಗೆ.

"ಗೂಳಿ," ಅಂದೆ ಮೆಲ್ಲಗೆ. "ಸಮಿತಿಯೋರು ಫೋಟೋ ತೆಗೆಸ್ಕೊಂಡ ಹೊಲಾನಾ?"

"ಹೂಂ ಅಣ್ಣ. ಅದೇ."

"ಔಷಧಿ ಹೊಡೆದ್ರೆ ಬೆಳೆ ಸಾಯಲ್ವಲ್ಲ. ಹೊಡೀಬಹುದಿತ್ತು."

"ಸಾಯಲ್ಲ. ಆದ್ರೆ ಹೊಡೆದ ಮೇಲೆ ಒಂದು ವಾರ ಎಲೆ ಹಳದಿ ತಿರುಗುತ್ತೆ. ಆಮೇಲೆ ಸರಿಹೋಗುತ್ತೆ ಅನ್ನಿ. ಒಂದೆಲೆ ಹಳದಿ ಕಂಡ್ರೆ ನಿನ್ನ ಕೆಲಸ ಹೋಯ್ತು ಅಂದ್ರು ಡೈರೆಕ್ಟರ್. ಒಂದಿನ ಸಮಿತಿಯೋರು, ಒಂದಿನ ಪೇಪರ್‌ನೋರು, ಇನ್ನೊಂದಿನ ಯಾರೋ ದೊಡ್ಡೋರು... ದಿನಾ ಜನ! ಹೊಡೆಯೋಕೆ ಬಿಡುವೇ ಸಿಗ್ಲಿಲ್ಲ. ಕೈಯಲ್ಲೇ ತೆಗೆಸ್ದೆ. ವರದೀಲಿ ಏನಿರಬೇಕು? ಹೊಲ ಕಳೆರಹಿತ ಅಂತ ಇರಬೇಕು. ಕಳೆರಹಿತ ಅಂದ್ರೆ ಕಳೆರಹಿತ!"

ಡಾಕ್ಟರು ಈರುಳ್ಳಿ ಪಾತಿಯಿಂದ ಮೇಲೆದ್ದಿದ್ದರು. ಕೈಗವಸಿನ ಕೈ ಬಾಯಿಗೆ ಹೋಯಿತು. ಕಣ್ಣು ನನ್ನ ಕಡೆ ತಿರುಗಿತು.

ಅರ್ಥವಾಯಿತಲ್ಲ?

ಕಳೆನಾಶಕ ಹೊಡೆಯಲಿಕ್ಕೆಂದೇ ಹುಟ್ಟಿಸಿದ ಬೆಳೆ. ಅದಕ್ಕೆ ಒಮ್ಮೆಯೂ ಕಳೆನಾಶಕ ಹೊಡೆದಿರಲಿಲ್ಲ! ಕಾಳಲ್ಲಿ ಸೊನ್ನೆ ಇರದೆ ಇನ್ನೇನಿರುತ್ತದೆ? ರೈತ ನಾಳೆ ಬೆಳೆಯುವುದು ಒಂದು ಕಾಳು, ಡಾಕ್ಟರ ಕೋಳಿಗಳು ತಿಂದು ಗುಂಡುಕಲ್ಲಾಗಿದ್ದು ಇನ್ನೊಂದು ಕಾಳು. ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಫೋಟೋ ಚೆನ್ನಾಗಿ ಬರಲಿ ಅಂದುಕೊಂಡಿದ್ದರು, ಅಷ್ಟೆ.

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ನಾನು ಅವರ ಕಾಲು ತುಳಿದೆ.

"ಸಾಲ ತೀರಿಸ್ತೀನಿ ಡಾಕ್ಟ್ರೇ," ಪಿಸುಗುಟ್ಟಿದೆ. "ಆದ್ರೆ ನನ್ನ ದಾರೀಲಿ. ಸ್ವಲ್ಪ ಹೊತ್ತು ಬಾಯಿಗೆ ಹೊಲಿಗೆ ಹಾಕ್ಕೊಳಿ."

ಆಮೇಲೆ ಗೂಳಿಯ ಹೆಗಲು ತಟ್ಟಿದೆ.

"ಮೂಟೆ ಎತ್ತಪ್ಪ. ಡೈರೆಕ್ಟರಿಗೆ ಒಳ್ಳೆ 'ಸುದ್ದಿ' ತಗೊಂಡು ಹೋಗೋಣ."

"ನನ್ನ ಈರುಳ್ಳಿ ಪಾತಿ?" ಅಕ್ಕ ಅಡ್ಡ ನಿಂತಳು.

"ಡೈರೆಕ್ಟರನ್ನೇ ಕೇಳು ಅಕ್ಕ."

"ಕೇಳದೆ ಬಿಡ್ತೀನಾ!" ಪಿಕಪ್ಪಿನ ಹಿಂದೆ ಹತ್ತಿ ಮೂಟೆಯ ಮೇಲೇ ಕುಳಿತಳು. ಕುಡುಗೋಲು ಸಮೇತ.

ಸಭೆ ಒಂದು ಸರ್ಕಾರಿ ಕಟ್ಟಡದ ಮಹಡಿಯಲ್ಲಿ. ವೆರಾಂಡದಲ್ಲಿ ಡೈರೆಕ್ಟರು ಶತಪಥ ಹಾಕುತ್ತಿದ್ದರು. ಗೋಡೆಯ ಆ ದೊಡ್ಡ ಫೋಟೋವನ್ನೂ ಸಮಿತಿಗೆ ತೋರಿಸಲು ಹೊತ್ತು ತಂದಿದ್ದರು. ಡಾಕ್ಟರನ್ನು ಕಂಡು ಕೆಂಪಾದರು.

"ಈಕೇನಾ ಕಳ್ಳಿ? ಪೊಲೀಸ್..."

"ನಿಧಾನ ಸಾರ್." ಡಾಕ್ಟರ ಫೋನ್ ಅವರ ಮುಂದೆ ಹಿಡಿದೆ. "ಮೊದ್ಲು ಓದಿ."

ಓದಿದರು. ಮತ್ತೆ ಓದಿದರು. ಕೆಂಪು ಇಳಿಯಿತು. ಹಲ್ಲು ಕಂಡವು.

"ಸೊನ್ನೆ?"

"ಸೊನ್ನೆ. ನಿಮ್ಮದೇ ಮೂಟೆ ಕಾಳು."

"ಇದನ್ನ... ಇದನ್ನ ಸಭೇಲಿ ಹೇಳಬಹುದಾ?"

"ಹೇಳದೆ ಇರ್ತೀರಾ ಸಾರ್! ಆದ್ರೆ ಕದ್ದ ಕಾಳಿನ ರಿಪೋರ್ಟು ಅಂದ್ರೆ ಯಾರು ನಂಬ್ತಾರೆ? ನಾವೇ ಡಾಕ್ಟ್ರಿಗೆ ಕೊಟ್ಟು ಪರೀಕ್ಷೆ ಮಾಡಿಸಿದ್ವಿ ಅಂತ ಹೇಳಿ. ತೂಕ ಬರುತ್ತೆ."

ಡೈರೆಕ್ಟರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ನನ್ನ ಬರಿಗಾಲು ನೋಡಿ, "ಪಾಪ, ಎಷ್ಟು ಕಷ್ಟಪಟ್ಟಿದೀರಿ!" ಅಂದರು.

ಒಳಗೆ ಅಧ್ಯಕ್ಷರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ವಯಸ್ಸಾದವರು. ಅರ್ಧ ನಿದ್ದೆ. ಡೈರೆಕ್ಟರು ಎದ್ದು ನಿಂತರು. ಅಬ್ಬಾ, ಏನು ಮಾತು! ನಮ್ಮ ಕಂಪನಿ ಪಾರದರ್ಶಕ. ನಾವಾಗಿಯೇ ಡಾಕ್ಟರಿಗೆ ಮೂಟೆ ಒಪ್ಪಿಸಿದೆವು. ಕೋಳಿಗಳು ತಿಂದದ್ದೂ ಇದೇ ಕಾಳು. ಇದೋ ಫೋಟೋದಲ್ಲಿರುವ ಹೊಲದ್ದೇ. ಲ್ಯಾಬಿನ ಫಲಿತಾಂಶ... ಸೊನ್ನೆ!

ಗುಮಾಸ್ತ ಎಲ್ಲವನ್ನೂ ಬರೆದುಕೊಂಡ. ಕಳ್ಳತನದ ಕೇಸು ಅಲ್ಲಿಗೆ ಸತ್ತಿತು. ನಾನು ಡಾಕ್ಟರ ಕಡೆ ನೋಡಿ ತಲೆಯಾಡಿಸಿದೆ.

ಡಾಕ್ಟರು ಎದ್ದರು.

"ಒಂದೇ ಪ್ರಶ್ನೆ ಸಾರ್. ಈ ಹೊಲಕ್ಕೆ ಕಳೆನಾಶಕ ಎಷ್ಟು ಸಲ ಹೊಡೆದ್ರಿ?"

ಡೈರೆಕ್ಟರು ನಕ್ಕರು. ಹೊಲದ ವಿಷಯ ಅವರಿಗೆ ಚಿಲ್ಲರೆ. "ನಮ್ಮ ಉಸ್ತುವಾರಿ ಇದಾನೆ, ಅವನೇ ಹೇಳ್ತಾನೆ. ಹೇಳಪ್ಪಾ!"

ಅಷ್ಟು ದೊಡ್ಡವರ ಮುಂದೆ ಗೂಳಿಯನ್ನು ಯಾರೂ ಮಾತಾಡಿಸಿರಲಿಲ್ಲ. ಎದೆ ಮುಂದೆ ಮಾಡಿದ.

"ಒಂದು ಸಲಾನೂ ಇಲ್ಲ ಸಾರ್! ಡೈರೆಕ್ಟರ್ ಸಾಹೇಬ್ರು ಎಲೆ ಹಳದಿ ಆಗ್ಬಾರ್ದು ಅಂದಿದ್ರು. ಎಲ್ಲಾ ಕೈಯಲ್ಲೇ! ಇದೋ, ಕಳೆ ತೆಗೆದ ದೊಡ್ಡಮ್ಮ ಇಲ್ಲೇ ಇದಾರೆ!"

ಅಕ್ಕ ಹಿಂದಿನ ಬೆಂಚಿನಿಂದ ಕುಡುಗೋಲು ಎತ್ತಿ ತೋರಿಸಿದಳು.

ಅಧ್ಯಕ್ಷರ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು.

"ಅಂದ್ರೆ..." ಅವರ ಕಣ್ಣುಗಳು ಪೂರ್ತಿ ತೆರೆದಿದ್ದವು. "ಹೊಡೆಯೋದಕ್ಕೇ ಮಾಡಿದ ಬೆಳೆ. ಹೊಡೀದೇ ಪರೀಕ್ಷೆ ಮಾಡಿದೀರಾ?"

"ಅದು... ಬೀಜದ ಪರೀಕ್ಷೆ ಬೇರೆ ಸಾರ್, ಔಷಧಿ ಪರೀಕ್ಷೆ ಬೇರೆ..."

"ನನ್ನ ಕೋಳಿ ತಿಂದ ಕಾಳನ್ನ ನಾಳೆ ಯಾವ ರೈತನೂ ಬೆಳೆಯಲ್ಲ," ಅಂದರು ಡಾಕ್ಟರು. ದನಿ ಏರಲಿಲ್ಲ. "ಅವನು ಬೆಳೆಯೋ ಕಾಳನ್ನ ಇವತ್ತಿನವರೆಗೆ ಯಾವ ಕೋಳಿಯೂ ತಿಂದಿಲ್ಲ. ಅದು ವಿಷ ಅಂತ ನಾನು ಹೇಳ್ತಿಲ್ಲ. ನನಗೆ ಗೊತ್ತಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹಾಕಿದ ಸಹಿ ನನ್ನದು. ವಾಪಸ್ ಕೊಡಿ."

ಕೊಟ್ಟರು. ಗುಮಾಸ್ತ ಆ ಹಾಳೆಯನ್ನು ತೆಗೆದು ಅವರ ಕೈಗಿಟ್ಟ. ಡಾಕ್ಟರು ಅದನ್ನು ಮಡಚಿ, ಸೂಜಿ-ದಾರ ಇಡುವ ಜೇಬಿನಲ್ಲೇ ಇಟ್ಟುಕೊಂಡರು.

ಅಧ್ಯಕ್ಷರು ತೀರ್ಪು ಕೊಟ್ಟರು. ಒಪ್ಪಿಗೆ ಇಲ್ಲ. ಮತ್ತೆ ಬಿತ್ತಿರಿ. ಕರಪತ್ರದಲ್ಲಿ ಹೇಳಿದ ಹಾಗೇ ಚೆನ್ನಾಗಿ ಕಳೆನಾಶಕ ಹೊಡೆಯಿರಿ. ಮತ್ತೆ ಕೋಳಿಗೆ ತಿನ್ನಿಸಿ. ಆಮೇಲೆ ಬನ್ನಿ.

ಗೆದ್ದೆವು! ಏನು ಗೆದ್ದೆವು? ಹೊಲಕ್ಕೆ ತಪ್ಪದೆ ವಿಷ ಹೊಡೆಯಲೇಬೇಕು ಎಂಬ ಸರ್ಕಾರಿ ಆದೇಶವನ್ನು ಗೆದ್ದೆವು!

ಅಕ್ಕ ನನ್ನ ತೋಳು ಜಗ್ಗಿದಳು. "ಅಂದ್ರೆ ಮುಂದಿನ ಸಲ ನಮ್ಮನ್ನ ಕರೆಯಲ್ವೇನೋ?"

"ಇಲ್ಲ ಅಕ್ಕ."

"ನಿನ್ನ ಮನೆ ಹಾಳಾಗ!" ಅಂದಳು, ತನ್ನದೂ ಅದೇ ಮನೆ ಎಂಬುದನ್ನು ಮರೆತು. "ಆ ಪಾತಿ ನೀನೇ ಬಂದು ನೆಡ್ತೀಯ. ಬರಿಗೈಯಲ್ಲಿ."

ವೆರಾಂಡಕ್ಕೆ ಬಂದೆವು. ಡೈರೆಕ್ಟರು ಕಂಬಕ್ಕೆ ಒರಗಿ ನಿಂತಿದ್ದರು. ಟೈ ಕಿತ್ತುಹೋಗಿತ್ತು. ಕಂಕುಳಲ್ಲಿ ಫೋಟೋ.

"ನಿನಗೆ... ನಾನು ಕೆಲಸ ಕೊಟ್ಟಿದ್ದೆ!"

"ಮಾಡಿದೆ ಸಾರ್. ಸಭೆ ಶುರುವಾಗೋ ಮುಂಚೆ ಮೂಟೆ ಬಂತು. ಮೊಹರು ಮಾತ್ರ ಒಡೆದಿದೆ. ಹರಿದ ಜಾಗ ಹೊಲಿಸಿದೀನಿ."

ಅಷ್ಟು ನಯವಾದ ಮನುಷ್ಯ ಅಷ್ಟು ಜೋರಾಗಿ ಎಸೆಯಬಲ್ಲ ಎಂದು ನಾನು ಎಣಿಸಿರಲಿಲ್ಲ. ಹಚ್ಚಹಸಿರು ಹೊಲ, ಟೋಪಿಯ ಸಮಿತಿ, ಗಾಜು, ಚೌಕಟ್ಟು... ಎಲ್ಲ ಒಟ್ಟಿಗೆ ಹಾರಿ ಬಂದವು. ನನ್ನ ಹಣೆಗೆ!

ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಸುತ್ತ ಗಾಜಿನ ಚೂರು. ಫೋಟೋದ ಎಲೆಗಳ ಮೇಲೆ ನನ್ನ ರಕ್ತ. ಮೇಲೆ ಬಗ್ಗಿದ್ದ ಡಾಕ್ಟರ ಮುಖ. ಕೈಯಲ್ಲಿ ಬಾಗಿದ ಸೂಜಿ, ನೀಲಿ ದಾರ.

"ಅಲ್ಲಾಡಬೇಡಿ ಆಲಿಕಲ್ಲು."

"ಸಾಲ ತೀರ್ತಾ ಡಾಕ್ಟ್ರೇ?"

"ತೀರ್ತು." ಸೂಜಿ ಒಳಗೆ ಹೋಯಿತು. "ಇದು ಹೊಸದು."

"ಅಯ್ಯಯ್ಯೋ! ಮರಗಟ್ಟಿಸೋ ಔಷಧಿ ಹೊಡೆದ್ರಾ?!"

"ಇಲ್ಲ," ಅಂದರು ಡಾಕ್ಟರು, ಗಂಟು ಬಿಗಿಯುತ್ತಾ. "ಹೊಡೀದೇನೇ ಎಲ್ಲಾ ಸರಿಯಿದೆ ಅಂತ ಬರ್ಕೊಳ್ತೀನಿ."